ಡಿಸ್ಕ್ ಕಾಯುವ ನಾಗಾರ್ಜುನ

ಪಾಂಡವಪುರದ ನಾಗಾರ್ಜುನ ಕಂಪ್ಯೂಟರ್ ರಿಪೇರಿಯವನಾದರೂ ಜನ ಅವನನ್ನು ಕಂಡಿರುವುದೆಲ್ಲ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಾಗಲೇ. ನಾಗಮಂಗಲದ ಆಫೀಸಾಗಲಿ, ಬಾಬುರಾಯನಕೊಪ್ಪಲಿನ ಮನೆಯಾಗಲಿ, ಎಲ್ಲರ ಫೋಟೊ, ಕಾಗದಪತ್ರಗಳನ್ನು ಒಂದೇ ಕಡೆ ಕೂಡಿಡುವ ಹಳೆಯ ಸ್ಟೋರೇಜ್ ಪೆಟ್ಟಿಗೆ ತುಂಬಿತೆಂದರೆ ಅವನಿಗೇ ಫೋನು. ಒಳಗೆ ಎಲ್ಲವನ್ನೂ ಎರಡೆರಡು ಪ್ರತಿಯಾಗಿ ಇಟ್ಟುಕೊಂಡಿರುವ ಜೋಡಿ ಡಿಸ್ಕುಗಳಲ್ಲಿ ಒಂದನ್ನು ತೆಗೆದು ದೊಡ್ಡದನ್ನು ಹಾಕುತ್ತಾನೆ. ಉಳಿದ ಹಳೆಯದು ತನ್ನಲ್ಲಿರುವುದನ್ನೆಲ್ಲ ಹೊಸದಕ್ಕೆ ಇಳಿಸಿ ಮುಗಿಸುವವರೆಗೆ ದೀಪ ಮಿನುಗುವುದನ್ನೇ ನೋಡುತ್ತ ಕೂರುತ್ತಾನೆ. “ಡಬ್ಬಕ್ಕೆ ಅಕ್ಕಿ ಸುರ್ದಂಗೆ ಸುರ್ದ್ಬುಟ್ಟು ಓಗ್ಬಾರ್ದಾ?” ಎಂದು ಯಾರಾದರೂ ರೇಗಿದರೆ, “ಹಳೇದ್ಕೂ ವಯಸ್ಸಾಗ್ಯದೆ ಸಾರ್, ಅವಸರ ಮಾಡುದ್ರೆ ಕೈ ಕೊಡ್ತದೆ” ಎನ್ನುತ್ತಾನೆ. ಸೊಂಟ ಹಿಡಿದುಕೊಂಡಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ. “ಇದೇ ಕಡೇದು, ಇನ್ನು ನನ್ ಕೈಲಾಗಕಿಲ್ಲ” ಎಂದು ಪ್ರತಿಸಲವೂ ಹೇಳುತ್ತಾನೆ, ಆದರೆ ಏಳುವುದಿಲ್ಲ. ಮೂರು ವರ್ಷದ ಹಿಂದೆ ಶೀಳನೆರೆಯ ಚಿಕ್ಕಬೋರಮ್ಮನ ಮನೆಯಲ್ಲಿ ಇದೇ ಕೆಲಸ ಹಚ್ಚಿ, ಟೀ ಕುಡಿದು ಬರೋಣವೆಂದು ಎದ್ದು ಹೋಗಿದ್ದ. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿಯೂ ಕೂಗಿ ಕೂಗಿ ಸುಮ್ಮನಾಯಿತು. ಜೋಡಿಯಲ್ಲಿ ಒಂದು ಡಿಸ್ಕು ಮೊದಲೇ ಕೆಟ್ಟಿತ್ತು, ಹೊಸದಕ್ಕೆ ಇಳಿಸುತ್ತಿದ್ದ ಇನ್ನೊಂದು ಅರ್ಧದಲ್ಲೇ ನಿಂತು ಮತ್ತೆ ತಿರುಗಲೇ ಇಲ್ಲ. ತೀರಿಕೊಂಡ ಗಂಡ ಬೋರಯ್ಯ ಎಮ್ಮೆಯ ಮೈ ತೊಳೆಯುತ್ತ ನಗುತ್ತಿದ್ದ ಒಂದೇ ಒಂದು ವಿಡಿಯೊ ಅದರಲ್ಲಿತ್ತು. ತಲೆ ತಗ್ಗಿಸಿ ನಿಂತಿದ್ದ ನಾಗಾರ್ಜುನನ ಬೆನ್ನು ಸವರಿ ಚಿಕ್ಕಬೋರಮ್ಮ, “ಓಗ್ಲಿ ಬುಡು ಮಗ, ನೀನೇನ್ ಬೇಕೂಂತ ಮಾಡ್ದ್ಯಾ?” ಎಂದಿದ್ದಳು. ಬಯ್ದಿದ್ದರೆ ಅವನು ಇಷ್ಟರಲ್ಲಿ ಮರೆತುಬಿಡುತ್ತಿದ್ದ.