ಆರ್ಸೇಸಿಯೊನ ದಬ್ಬಳ

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಆರ್ಸೇಸಿಯೊ ಬೆದೋಯಾನನ್ನು ಹುಡುಕಿಕೊಂಡು ಬಂದವರಿಗೆ ಕಾಣುತ್ತಿದ್ದದ್ದು ಅವನ ಬೂಟುಗಳು ಮಾತ್ರ. ಮಿಕ್ಕ ದೇಹವೆಲ್ಲ ಜೀಪಿನಡಿ. ಐವತ್ನಾಲ್ಕನೇ ಇಸವಿಯ ವಿಲ್ಲಿಸ್ ಅದು. ಮೊದಲು ಯಾವ ಬಣ್ಣವಿತ್ತೆಂದು ಅವನೇ ಮರೆತಿದ್ದ. ಇಪ್ಪತ್ತಾರು ವರ್ಷದಿಂದ ಒಂದೇ ನೇಮ: ಕೀಲುಕೀಲಿಗೂ ಗ್ರೀಸು ತುಂಬಬೇಕು, ಎಣ್ಣೆಯನ್ನು ಬೆರಳಿಗೆ ಸವರಿ ಮೂಸಬೇಕು, ಬ್ರೇಕಿನ ಡ್ರಮ್ಮು ಬಿಚ್ಚಿ ಒರೆಸಬೇಕು. ಕೊನೆಗೆ, ಕಾಫಿ ಚೀಲ ಹೊಲಿಯುವ ದಬ್ಬಳದಿಂದ ಹಿಂದಿನ ಚಕ್ರಗಳ ನಡುವಿನ ಅಚ್ಚಿನ ಮೇಲಿನ ಸಣ್ಣ ತೂತು ಕೆದಕಬೇಕು. ಅದು ಅಚ್ಚಿನ ಮೂಗು. ಒಳಗೆ ಎಣ್ಣೆ ಕಾದಾಗ ಉಸಿರು ಹೋಗುವುದು ಅಲ್ಲಿಂದಲೇ.

ಆ ಶನಿವಾರ ಅವನ ಎದೆಯಲ್ಲಿ ಕುದಿಯಿತ್ತು. ರೋಬ್ಲೆ ಗುಡ್ಡದ ದಾರಿಯಲ್ಲಿ ಅಷ್ಟು ವರ್ಷ ಜನರನ್ನೂ ಕಾಫಿಯನ್ನೂ ಹೊತ್ತವನು ಅವನು. ಈಗ ಚಾಲಕರ ಸಂಘಕ್ಕೆ ಅವನ ಗಾಡಿ ಹಳತಾಯಿತಂತೆ! ಭಾನುವಾರ ಜೀಪುಗಳ ಮೆರವಣಿಗೆಗೆ ಮುಂಚೆ ಪಂಥ. ಗುಡ್ಡ ಹತ್ತಿ, ಹನ್ನೆರಡು ಚೀಲ ಕಾಫಿ ತುಂಬಿ, ಇಳಿದು ಬಂದು ಊರ ಚೌಕದ ಸುಣ್ಣದ ಗೆರೆಯ ಮೇಲೆ ಮೊದಲು ಗಾಡಿ ನಿಲ್ಲಿಸಬೇಕು. ಗೆದ್ದವನಿಗೆ ರೋಬ್ಲೆ ದಾರಿಯಲ್ಲಿ ಗಾಡಿ ಓಡಿಸುವ ಹಕ್ಕು. ಸೋತರೆ ಆರ್ಸೇಸಿಯೊ ಪೇಟೆಯೊಳಗೆ ತರಕಾರಿ ಸಾಗಿಸಿಕೊಂಡಿರಬೇಕು.

ಎದುರಾಳಿ ಹಿಲ್ದಾರ್ದೊ ಬೇಲಿಯಾಚೆಯಿಂದ ಇಣುಕಿದ. "ಏನ್ ಮಾವ, ಮುದುಕಿಗೆ ಎಣ್ಣೆಸ್ನಾನ ಆಯ್ತಾ? ಹಂಗೇ ಹೂವಾನೂ ಮುಡಿಸ್ಬಿಡು!"

"ನಿನ್ ಗಾಡಿಗೆ ಬಳಿದಿರೋ ಬಣ್ಣದಲ್ಲಿ ಇಡೀ ಇಗರ್ಜಿ ಬಳೀಬೋದಿತ್ತು ಕಣೋ! ಒಂದ್ ದಿನಾನಾದ್ರೂ ಅಡಿಗೆ ಬಗ್ಗಿದೀಯಾ?"

"ಬಗ್ಗದೆ ಏನು? ಅಡೀಲೂ ಬೆಳ್ಳಿ ಬಣ್ಣ ಹೊಡ್ದಿದೀನಿ. ಮುಖ ನೋಡ್ಕೋಬೋದು."

"ನಿನ್ ಮುಖಕ್ಕೆ ಬೆಂಕಿ ಹಾಕ!" ಆರ್ಸೇಸಿಯೊ ಸ್ಪ್ಯಾನರ್ ಎತ್ತಿದ.

ಹೆಂಡತಿ ನೂಬಿಯಾ ಬಿಸಿ ಬೆಲ್ಲದ ನೀರು ಹಿಡಿದು ಬಾಗಿಲಿಗೆ ಬಂದಳು. "ಎಸೀಬೇಡ್ರೀ! ಹೋದ್ ವಾರ ಎಸ್ದಿದ್ದಕ್ಕೆ ಕೋಳಿ ಇನ್ನೂ ಕುಂಟ್ತಾ ಇದೆ."

ಭಾನುವಾರ ಬೆಳಗ್ಗೆ ಮಳೆ ಬಿದ್ದು ಗುಡ್ಡವೆಲ್ಲ ಕೆಸರಾಗಿತ್ತು. ಎರಡೂ ಜೀಪು ನಾಲ್ಕೂ ಚಕ್ರದಲ್ಲಿ ಮಣ್ಣು ಅಗೆಯುತ್ತ ಹತ್ತಿದವು. ಮೊದಲು ಹತ್ತಿದ್ದು ಆರ್ಸೇಸಿಯೊನ ಮುದುಕಿಯೇ. ಚೀಲ ತುಂಬಿಕೊಂಡು ಮೊದಲು ಇಳಿಯತೊಡಗಿದ್ದೂ ಅದೇ, ಬಸುರಿ ಹೆಂಗಸಿನಂತೆ ನಿಧಾನವಾಗಿ, ಕೆಳಗಿನ ಗೇರಿನಲ್ಲಿ.

ಕೊನೆಯ ತಿರುವು ದಾಟಿದ ಮೇಲೆ ಹಿಂದಿನಿಂದ ಹಾರ್ನು ಕೇಳಿಸಿತು. ದಾರಿ ಬಿಡು ಅಂತಾನಾ ಬಡ್ಡೀಮಗ? ಆರ್ಸೇಸಿಯೊ ಕನ್ನಡಿ ನೋಡಿದ. ಹಿಲ್ದಾರ್ದೊನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಮಾವಾ! ಬ್ರೇಕ್ ಹಿಡೀತಿಲ್ಲ! ಪಕ್ಕಕ್ಕೆ ಹೋಗು!"

ಪಕ್ಕಕ್ಕೆ ಹೋಗಬಹುದಿತ್ತು. ಆದರೆ ಕೆಳಗೆ ಚೌಕದ ತುಂಬ ಜನ. ಗೆರೆಯ ಪಕ್ಕದಲ್ಲೇ ನೂಬಿಯಾ. ಆರ್ಸೇಸಿಯೊ ಬಾಯಿಗೆ ಬಂದದ್ದನ್ನೆಲ್ಲ ಬೈದು, ದಾರಿಯ ನಡುವಿಗೇ ಬಂದ.

ಧಡ್! ಹಿಂದಿನ ಜೀಪು ಬಂದು ಬಡಿಯಿತು. ಎರಡು ಗಾಡಿ, ಇಪ್ಪತ್ನಾಲ್ಕು ಚೀಲದ ಭಾರ ಅವನ ಬೆನ್ನ ಮೇಲೆ ಬಿತ್ತು. ಪೆಡಲ್ ಮೇಲೆ ಎದ್ದು ನಿಂತಂತೆ ಒತ್ತಿದ. "ಮರ್ಯಾದೆ ಉಳ್ಸು ಮುದುಕಿ!" ಮುದುಕಿ ನಾಲ್ಕು ಮಾರು ಜಾರಿತು. ನರಳಿತು. ಆದರೆ ಡ್ರಮ್ಮುಗಳು ಕಚ್ಚಿ ಹಿಡಿದವು. ನಿಂತಾಗ ಮುಂದಿನ ಚಕ್ರಗಳು ಸುಣ್ಣದ ಗೆರೆಯನ್ನು ತುಳಿದಿದ್ದವು.

ಚೌಕವೇ ಹಾರಿಹೋಗುವಂತೆ ಜನ ಕೂಗಿದರು. ಆರ್ಸೇಸಿಯೊ ಯಾರ ಕಡೆಗೂ ನೋಡದೆ, ಹಬ್ಬದ ಬಿಳಿ ಅಂಗಿಯಲ್ಲೇ ಹಿಲ್ದಾರ್ದೊನ ಜೀಪಿನಡಿ ನುಗ್ಗಿದ. ಹಿಂದಿನ ಚಕ್ರಗಳೊಳಗಿಂದ ಎಣ್ಣೆ ಸೋರುತ್ತಿತ್ತು. ಕಿಸೆಯಿಂದ ದಬ್ಬಳ ತೆಗೆದು ಅಚ್ಚಿನ ಮೇಲಿನ ಬೆಳ್ಳಿ ಬಣ್ಣ ಕೆದಕಿದ. ಪುಸ್ ಎಂದು ಬಿಸಿ ಗಾಳಿ ಮುಖಕ್ಕೆ ಹೊಡೆಯಿತು.

"ಕೇಳಿಸ್ತೇನೋ? ಮೆರವಣಿಗೆಗೆ ಅಂತ ಚೆಂದ ಮಾಡಕ್ಕೋಗಿ ಮೂಗಿಗೇ ಬಣ್ಣ ಮೆತ್ತಿದೀಯ! ಉಸಿರು ಕಟ್ಟಿದ ಎಣ್ಣೆ ಎಲ್ಲಿಗೆ ಹೋಗತ್ತೆ? ಸೀಲ್ ದಾಟಿ ಬ್ರೇಕಿಗೇ ಹೋಗತ್ತೆ! ಎಣ್ಣೆ ಕುಡ್ದ ಬ್ರೇಕು ನಿನ್ ಅಪ್ಪ ಬಂದ್ರೂ ಹಿಡಿಯಲ್ಲ!"

ಹಿಲ್ದಾರ್ದೊ ಜೀಪಿನ ಪಕ್ಕ ಕುಕ್ಕರಿಸಿ ಕೂತ. "ಬೈ ಮಾವ. ಇನ್ನೂ ಬೈ."

ಸಂಘದ ಅಧ್ಯಕ್ಷೆ ಅಂಪಾರೊ 'ರೋಬ್ಲೆ' ಎಂದು ಬರೆದ ತಗಡಿನ ಫಲಕ ಹಿಡಿದು ಬಗ್ಗಿದಳು. "ಹೊರಗೆ ಬಾರೋ ಮಾರಾಯ. ಫಲಕ ಬೂಟಿಗೆ ಕೊಡ್ಲಾ, ಕೈಗೆ ಕೊಡ್ಲಾ?"

ಜೀಪಿನಡಿಯಿಂದ ಕರಿ ಮೆತ್ತಿದ ಒಂದು ಕೈ ಹೊರಬಂದು ಫಲಕ ಕಿತ್ತುಕೊಂಡಿತು.

ಮೆರವಣಿಗೆ ಒಂದು ಗಂಟೆ ತಡವಾಗಿ ಹೊರಟಿತು. ಏಕೆಂದರೆ ಬಣ್ಣ ಬಳಿದುಕೊಂಡು ಬಂದಿದ್ದ ಹದಿನಾಲ್ಕು ಜೀಪುಗಳ ಅಡಿಯಲ್ಲೂ ಆರ್ಸೇಸಿಯೊ ದಬ್ಬಳ ಹಿಡಿದು ತೆವಳಿದ. ಐದರ ಮೂಗು ಕಟ್ಟಿತ್ತು. ಐದು ಜನರಿಗೂ ಊರೆಲ್ಲ ಕೇಳುವಂತೆ ಬೈದ. ಆಮೇಲೆ ಹಿಂಬದಿ ಚಪ್ಪಟೆಯಾದ, ಬಣ್ಣಗೆಟ್ಟ ಮುದುಕಿ ಎಲ್ಲಕ್ಕಿಂತ ಮುಂದೆ ಹೊರಟಿತು. ಪಕ್ಕದಲ್ಲಿ ನೂಬಿಯಾ, ಗಾಜಿಗೆ ಒರಗಿಸಿದ ಫಲಕ.

"ಅಂಗಿ ಹಾಳ್ಮಾಡ್ಕೊಂಡ್ರಿ," ಅಂದಳು ಅವಳು, ನಗು ತಡೆಯಲಾಗದೆ.

"ಹೋಗ್ಲಿ ಬಿಡೇ," ಎಂದು ಆರ್ಸೇಸಿಯೊ ಹಾರ್ನು ಒತ್ತಿದ.