ದಬ್ಬಣ ತಾಗಿದ ಕುರಿ

ಸಣ್ಣ ತೂತಿನ ಕೀಹೋಲ್ ಆಪರೇಷನ್ ಆದಮೇಲೆ ಹೊಟ್ಟೆಯೊಳಗೆ ಕರುಳು ಯಾಕೆ ಅಂಟಿಕೊಳ್ಳುತ್ತದೆ ಅಂತ ನಾವು ಕುರಿಗಳಲ್ಲಿ ನೋಡುತ್ತಿದ್ದೆವು. ಅದಕ್ಕೆ ಹಿಂದೆಂದೂ ಆಪರೇಷನ್ ಆಗದ ಕುರಿಯೇ ಬೇಕು. "ಒಂದೂ ಆಗಿಲ್ರಿ" ಅಂತ ಸಂಶಿ ಊರಿನ ಕುರಿಗಾಹಿ ಕಾಕಾ ಆಣೆ ಮಾಡಿ ಕುರಿ ಕೊಟ್ಟಿದ್ದ. ಒಳಗೆ ಕಾಣಲೆಂದು ಹೊಟ್ಟೆಗೆ ಗಾಳಿ ತುಂಬಿ ಕ್ಯಾಮೆರಾ ಇಳಿಸಿದರೆ ಎಡಬದಿಯೆಲ್ಲ ಆಗಲೇ ಅಂಟಿಕೊಂಡು ಕೂತಿತ್ತು! ಮೂರು ವಾರದ ತಯಾರಿ ಮಣ್ಣುಪಾಲು.

ಮರುದಿನವೇ ಜಗಳಕ್ಕೆ ಹೋದೆ. ಕಾಕಾ ಉಣ್ಣೆ ಕತ್ತರಿಸುತ್ತಿದ್ದ, ತಲೆ ಎತ್ತಲಿಲ್ಲ.

"ಆಪರೇಶನ್ ಯಾರ್ ಮಾಡ್ಯಾರ್ರಿ? ಹಸಿ ಶೇಂಗಾ ಬಳ್ಳಿ ತಿಂದು ಹೊಟ್ಟಿ ಉಬ್ಬಿತ್ತು, ಎಡಕ್ಕ ದಬ್ಬಣ ಚುಚ್ಚಿ ಗಾಳಿ ತಗದೆ. ನೀವೇನ್ ಮಾಡಿದ್ರಿ?"

"ತೂತು ಮಾಡಿ ಗಾಳಿ ತುಂಬಿದ್ವಿ."

ಕತ್ತರಿ ನಿಂತಿತು. "ಅಲ್ರೀ, ಅಗದಿ ಆರಾಮಿದ್ದ ಕುರಿಗೆ ಯಾಕ್ ತುಂಬಿದ್ರಿ?"

ಪ್ರಯೋಗಕ್ಕೆ ಅನುಮತಿ ಕೊಟ್ಟ ಸಮಿತಿಯವರು ನಲವತ್ತು ಪ್ರಶ್ನೆ ಕೇಳಿದ್ದರು. ನಾನು ತಡವರಿಸಿದ್ದು ಇದೊಂದಕ್ಕೇ.