ಹೆಣ್ಣಾಗಿದ್ದಕ್ಕೊಂದು ಮಾರ್ಕು

ಕೆಂಟನ್ನಿನ ಆ ಬೀದಿಯಲ್ಲಿ ಚಂದ್ರವ್ವನ ಬಾಯಿಗೆ ಹೆದರದವರಿರಲಿಲ್ಲ. ಧಾರವಾಡದಿಂದ ಇಂಗ್ಲಿಷರ ನಾಡಿಗೆ ಬಂದು ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಬಿಸ್ಕತ್ತು ಪ್ಯಾಕ್ ಮಾಡಿ ನಿವೃತ್ತಳಾದವಳು, ಗಂಡ ಹೋದ ಮೇಲೆ ಮಗ ವಿಕಾಸ, ಸೊಸೆ ಸುವರ್ಣಾರ ಮನೆಯನ್ನು ಕೂತಲ್ಲಿಂದಲೇ ಆಳುತ್ತಿದ್ದಳು. ಕೌನ್ಸಿಲ್‌ನವರು ಕಸದ ಡಬ್ಬಿಯನ್ನು ದಾರಿಗೆ ಅಡ್ಡ ಇಟ್ಟರೆ ಮೇಲಿನ ಕಿಟಕಿಯಿಂದ ಕನ್ನಡದಲ್ಲೇ ಬೈಯುತ್ತಿದ್ದಳು. ಕನ್ನಡ ಬಾರದಿದ್ದರೂ ಅವರು ಡಬ್ಬಿ ಸರಿಸುತ್ತಿದ್ದರು.

೨೦೦೩ರಲ್ಲಿ ಕೆಮ್ಮೆಂದು ಹೋದಾಗ ಬಡಾವಣೆಯ ಜಿಪಿ ಡಾಕ್ಟರು ಎಕ್ಸ್‌-ರೇ ತೆಗೆಸಿದರು. ಕೆಮ್ಮು ತಾನಾಗಿ ಹೋಯಿತು. ಆದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎದೆಯೊಳಗೆ ಬಲೂನಿನಂತೆ ಉಬ್ಬಿರುವುದು ಗೊತ್ತಾಯಿತು. ಒಡೆದರೆ ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಆಸ್ಪತ್ರೆಯಲ್ಲಿ ಬೋಳುತಲೆಯ ಇಂಗ್ಲಿಷ್ ಸರ್ಜನ್ ಕಂಪ್ಯೂಟರಿನಲ್ಲಿ ಏನೇನೋ ಕುಟ್ಟಿದರು. ಆಮೇಲೆ ಬಹಳ ಹೊತ್ತು ಮಾತಾಡಿದರು. ಸುವರ್ಣಾ ಚುಟುಕಾಗಿ ಕನ್ನಡಕ್ಕಿಳಿಸಿದಳು.

"ಆಪರೇಷನ್ ಮಾಡಿದ್ರ ನೂರು ಮಂದ್ಯಾಗ ಹತ್ತು ಮಂದಿ ಉಳಿಯೂದಿಲ್ಲಂತರಿ, ಅತ್ತೀ."

"ಯಾವ ಹತ್ತು ಮಂದಿ?"

ಅದನ್ನು ಮೊದಲೇ ಹೇಳಲಾಗದು ಎಂದರು ಸರ್ಜನ್. ಪರದೆಯನ್ನು ಅವಳತ್ತ ತಿರುಗಿಸಿ, ಮಾರ್ಕು ಹೆಚ್ಚಿದಷ್ಟೂ ಅಪಾಯ ಹೆಚ್ಚೆಂದು ತೋರಿಸಿದರು: ವಯಸ್ಸಿಗೆ ಇಷ್ಟು ಮಾರ್ಕು, ಆ ನಾಳದ ಮೇಲಿನ ಕೆಲಸಕ್ಕೆ ಇಷ್ಟು, ಹೆಣ್ಣಾಗಿರುವುದಕ್ಕೆ ಒಂದು.

"ಹೆಣ್ಣಾಗಿದ್ದಕ್ಕ ಮಾರ್ಕ್ ಹಾಕ್ಯಾನ?" ಚಂದ್ರವ್ವ ಕುರ್ಚಿಯಲ್ಲೇ ಎದ್ದು ಕೂತಳು. "ಜಲ್ಮದಾಗ ಮೊದಲನೇ ಸಲ ಹೆಣ್ಣಂತ ಒಂದ್ ಮಾರ್ಕ್ ಹೆಚ್ಚಿಗಿ ಬಂತು, ಅದೂ ಸಾಯಾಕ!"

ಏನಂತೆ ಎಂದು ಸರ್ಜನ್ ಸೊಸೆಯತ್ತ ನೋಡಿದರು. ಅತ್ತೆ ಯೋಚಿಸುತ್ತಿದ್ದಾರೆ ಎಂದು ಸುವರ್ಣಾ ಇಂಗ್ಲಿಷಿನಲ್ಲಿ ತಿಪ್ಪೆ ಸಾರಿಸಿದಳು.

"ಇವನ ಕೈಯಾಗ ಎಷ್ಟ್ ಮಂದಿ ಹೋಗ್ಯಾರ, ಕೇಳು." ಸುವರ್ಣಾ ಕೇಳಲಿಲ್ಲ. ಚಂದ್ರವ್ವ ತಾನೇ ಬೆರಳು ಚಾಚಿದಳು: "ಯೂ! ಹೌ ಮೆನಿ ಡೈ?"

ಸರ್ಜನ್ನರ ಬೋಳುತಲೆ ಕೆಂಪಾಯಿತು. ಆದರೂ ಹೇಳಿದರು. ಕಳೆದ ವರ್ಷ ಒಬ್ಬರು ತೀರಿಕೊಂಡರು, ಬಸ್ ಡ್ರೈವರ್. ಅವರ ಮಾರ್ಕು ನಿಮಗಿಂತ ಕಡಿಮೆಯಿತ್ತು.

"ಭಾಡ್ಯಾ ಸುಳ್ಳು ಹೇಳಲಿಲ್ಲ," ಎಂದಳು ಚಂದ್ರವ್ವ. "ಇವನ ಕೈಲೇ ಕೊಯ್ಸಿಕೋತೀನಿ."

ಮನೆಯಲ್ಲಿ ವಿಕಾಸ ಇಂಟರ್‌ನೆಟ್ಟಿನಿಂದ ಇಳಿಸಿದ ಕಾಗದಗಳನ್ನು ಹರಡಿಕೊಂಡು ಕೂತಿದ್ದ. "ಅವ್ವಾ, ಟೆನ್ ಪರ್ಸೆಂಟ್ ಅಂದ್ರ ಸಣ್ಣದಲ್ಲ."

"ನೀ ಮೋಟರ್‌ವೇನಾಗ ಗಾಡಿ ಹೊಡಿಯೂದ್ ನೋಡಿದ್ರ ನಂಗ ಅದಕಿಂತ ಹೆಚ್ಚ ಕಾಣ್ತೈತಿ."

ಆಪರೇಷನ್ ಆಯಿತು. ಚಂದ್ರವ್ವ ಬದುಕಿದಳು. ಗಂಟಲಿನ ನಳಿಗೆ ತೆಗೆದ ದಿನ ನರ್ಸಿಗೆ ಬೈಯಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಧ್ವನಿಯ ನರ ಆ ನಾಳದ ಕೆಳಗೇ ಸುತ್ತಿ ಹೋಗುತ್ತದೆ, ಅದಕ್ಕೆ ಪೆಟ್ಟಾಗಿದೆ, ಹೀಗಾಗಬಹುದೆಂದು ಮೊದಲೇ ಹೇಳಿದ್ದೆನಲ್ಲ ಎಂದರು ಸರ್ಜನ್. ಚಂದ್ರವ್ವ ಸೊಸೆಯತ್ತ ನೋಡಿದಳು. ಸೊಸೆ ನೆಲ ನೋಡಿದಳು. ಸಾವಿನ ಮಾತಿನ ಮುಂದೆ ದನಿಯದೇನು ದೊಡ್ಡದು ಎಂದು ಅಂದು ಕನ್ನಡಕ್ಕಿಳಿಸುವಾಗ ಅದೊಂದನ್ನು ಬಿಟ್ಟಿದ್ದಳು.

"ಸಾವು ಹೇಳಿದಿ, ದನಿ ನುಂಗಿದಿ," ಎಂದು ಪಿಸುಗುಟ್ಟಿದ ಚಂದ್ರವ್ವನಿಗೆ ಯಾಕೋ ನಗು ಬಂತು. ಹೊಲಿದ ಎದೆ ಹಿಡಿದುಕೊಂಡು, ನೋವಿಗೆ ಕಣ್ಣೀರು ಸುರಿಸುತ್ತಲೇ ನಕ್ಕಳು.

ಆಸ್ಪತ್ರೆಯ ಲೆಕ್ಕದಲ್ಲಿ ಆಕೆ ಗೆದ್ದವಳು. ಅಲ್ಲಿ ಎಣಿಸುವುದು ಉಸಿರನ್ನು, ಬೈಗುಳವನ್ನಲ್ಲ. ಮನೆ ತಣ್ಣಗಾಯಿತೆಂದು ವಿಕಾಸ ಒಂದು ವಾರ ಒಳಗೊಳಗೇ ಹಿಗ್ಗಿದ. ಆಮೇಲೆ ತಿಳಿಯಿತು: ಮೊದಲು ಪಕ್ಕದ ಕೋಣೆಗೆ ಹೋಗಿ ತಪ್ಪಿಸಿಕೊಳ್ಳಬಹುದಿತ್ತು, ಈಗ ಹತ್ತಿರ ಬಂದು, ಕಿವಿ ಕೊಟ್ಟು, ಪೂರ್ತಿ ಬೈಸಿಕೊಳ್ಳಬೇಕು.

ಚಳಿಗಾಲದ ಮೊದಲು ಸರ್ಜನ್ ಒಂದು ಉಪಕಾರ ಕೇಳಿದರು. ಹತ್ತಿರದ ಎಜ್‌ವೇರಿನಲ್ಲಿರುವ ನರಸಿಂಹಮೂರ್ತಿ, ಮೂಲತಃ ಬೆಂಗಳೂರಿನವರು, ಅದೇ ಕಾಯಿಲೆ, ಅದೇ ಹೆದರಿಕೆ, ಸ್ವಲ್ಪ ಮಾತಾಡುತ್ತೀರಾ? ಅವರು ಕೆಂಟನ್ನಿಗೆ ಬಂದರು.

"ಹತ್ತು ಮಂದಿ ಹೋಗ್ತಾರ, ಖರೇ," ಎಂದಳು ಪಿಸುದನಿಯಲ್ಲಿ. "ಉಳಿದ ಮಂದಿಗೆ ಏನೇನ್ ಹೋಗ್ತೈತಿ, ಅದನ್ನ ಕೇಳ್ರಿ. ಸೊಸಿನ್ನ ಕರ್ಕೊಂಡ್ ಹೋಗಬ್ಯಾಡ್ರಿ."

"ನನಗೆ ಸೊಸೆ ಇಲ್ಲಮ್ಮ, ಹೆಂಡ್ತಿ ಇದಾಳೆ."

"ಆಕಿನ್ನೂ ಬ್ಯಾಡ."

ನರಸಿಂಹಮೂರ್ತಿ ದೀಪಾವಳಿ ಮುಗಿಸಿ ಆಪರೇಷನ್ ಮಾಡಿಸಿಕೊಂಡರು. ಜೀವವೂ ಉಳಿಯಿತು, ದನಿಯೂ ಉಳಿಯಿತು. ಫೋನ್ ಮಾಡಿ ಅರ್ಧ ತಾಸು ಗಂಟಲು ಬಿಚ್ಚಿ ಕೃತಜ್ಞತೆ ಹೇಳಿದರು. ಚಂದ್ರವ್ವನಿಗೆ ಸಂತೋಷವಾಯಿತು. ಹೊಟ್ಟೆಯೂ ಚೆನ್ನಾಗಿಯೇ ಉರಿಯಿತು.